ಬ್ರೇಕ್ ಬ್ರಾಕೆಟ್ ಬೋಲ್ಟ್ ಜಪ್ಪಯ್ಯ ಅಂದ್ರೂ ಬಿಡ್ತಿಲ್ಲ, ದಾರಿ ಹೇಳಿ

ಆಲ್ದೂರು ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು 2011ರ ಸ್ವಿಫ್ಟ್, ಡೀಸೆಲ್. ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ಎರಡನ್ನೂ ಮನೆಯಲ್ಲೇ ಬದಲಾಯಿಸುತ್ತಿದ್ದೇನೆ. ಎಡಗಡೆ ಚಕ್ರ ಬಿಚ್ಚಿ, ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ತೆಗೆದು, ಹೋಸ್ ಪೈಪಿಗೆ ಭಾರ ಬೀಳದ ಹಾಗೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದ್ದೇನೆ. ಅಲ್ಲಿವರೆಗೆ ಎಲ್ಲ ಸಲೀಸು. ಕ್ಯಾಲಿಪರ್ ಕೂರುವ ಬ್ರಾಕೆಟ್ಟನ್ನು ಹಿಡಿದಿರುವ ಎರಡು ಬೋಲ್ಟ್‌ಗಳಲ್ಲಿ ಮೇಲಿನದು ಬಂತು. ಕೆಳಗಿನದು ಜಪ್ಪಯ್ಯ ಅಂದ್ರೂ ಅಲ್ಲಾಡುತ್ತಿಲ್ಲ.

ಬೋಲ್ಟ್ ಹೇಗಿದೆ ಅಂತ ಹೇಳುತ್ತೇನೆ. ಡಿಸ್ಕ್ ಹಿಂದಿನ ತಗಡಿಗೂ ಬೋಲ್ಟ್ ತಲೆಗೂ ನಡುವೆ ಕೆಂಪು ಮಣ್ಣು ಸಿಮೆಂಟಿನಷ್ಟು ಗಟ್ಟಿಯಾಗಿ ಕೂತಿತ್ತು. ಸ್ಕ್ರೂ ಡ್ರೈವರ್‌ನಿಂದ ಕೆರೆದು ತೆಗೆದೆ. ಕೆಳಗೆ ತುಕ್ಕಿನ ಚಕ್ಕೆ. 17ರ ಸಾಕೆಟ್ ಕೂರುತ್ತದೆ, ಆದರೆ ನಮ್ಮ ಪೆಟ್ಟಿಗೆಯಲ್ಲಿ ಇರುವುದು ಹನ್ನೆರಡು ಮೂಲೆಯದು. ತಲೆಯ ಎರಡು ಮೂಲೆಯಲ್ಲಿ ಲೋಹ ಬೆಳ್ಳಗೆ ಹೊಳೆಯುತ್ತಿದೆ. ಅಂದರೆ ಸಾಕೆಟ್ ಜಾರಲು ಶುರುವಾಗಿದೆ. ಅದಕ್ಕೇ ಕೈ ನಿಲ್ಲಿಸಿದೆ. ಡಬ್ಬಿಯ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟಿದ್ದೆ, ಏನೂ ವ್ಯತ್ಯಾಸ ಕಾಣಲಿಲ್ಲ.

ಗ್ಯಾರೇಜಿಗೆ ಯಾಕೆ ಹೋಗಲಿಲ್ಲ ಅಂತ ಕೇಳಬಹುದು. ಕಳೆದ ಸಲ ಪೇಟೆಯ ಒಂದು ಗ್ಯಾರೇಜಿನಲ್ಲೇ ಪ್ಯಾಡ್ ಹಾಕಿಸಿದ್ದೆವು. ಕ್ಯಾಲಿಪರ್ ಜಾರುವ ಪಿನ್ನಿಗೆ ಗ್ರೀಸ್ ಹಚ್ಚಿರಲಿಲ್ಲ. ಈಗ ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ ಪೂರ್ತಿ ಸವೆದು ಬರೀ ಕಬ್ಬಿಣ ಉಳಿದಿದೆ, ಅದು ಡಿಸ್ಕನ್ನೇ ಗೀರು ಗೀರು ಮಾಡಿದೆ. ಹೊರಗಿನ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಹಾಗೇ ಇದೆ. ಮಗಳು ಉಜಿರೆಯಲ್ಲಿ ಓದುತ್ತಿದ್ದಾಳೆ. ಈ ಕಾರು ಚಾರ್ಮಾಡಿ ಘಾಟಿ ಇಳಿಯಬೇಕು. ಹಾಗಾಗಿ ಈ ಕೆಲಸ ನನ್ನ ಕಣ್ಣೆದುರೇ ಆಗಬೇಕು ಅಂತ ತೀರ್ಮಾನ ಮಾಡಿದೆ.

ಈಗ ಕೇಳಬೇಕಾಗಿರುವುದು ಇಷ್ಟು. ಪೈಪ್ ಹಾಕಿ ಎಳೆದರೆ ಬೋಲ್ಟ್ ಮುರಿಯುವ ಭಯ ಇದೆಯಾ? ಪಕ್ಕದ ತೋಟದವರ ಹತ್ತಿರ ಗ್ಯಾಸ್ ಟಾರ್ಚ್ ಇದೆ, ಬಿಸಿ ಮಾಡಬಹುದಾ? ಬ್ರಾಕೆಟ್ ತೆಗೆಯದೆ ಡಿಸ್ಕ್ ಬರುವುದಿಲ್ಲ, ಅದನ್ನು ನೋಡಿಯಾಯಿತು.

ಅರಸೀಕೆರೆ ರೈತ:

ಅಕ್ಕ, ನಮ್ಮದು ಬಯಲುಸೀಮೆ, ತುಕ್ಕಿನ ಕಾಟ ನಿಮ್ಮಷ್ಟಿಲ್ಲ. ಆದರೂ ಟ್ರ್ಯಾಕ್ಟರ್ ಬೋಲ್ಟ್‌ಗೆ ನಾವು ಮಾಡುವುದು ಒಂದೇ. ಹ್ಯಾಂಡಲ್‌ಗೆ ಉದ್ದ ಜಿ.ಐ. ಪೈಪ್ ತೂರಿಸಿ ಎಳೆಯುವುದು. ಸುಮ್ನೆ ಹೆದರಬೇಡಿ, ಬಂದೇ ಬರುತ್ತೆ.

ಒಂದು ವಿಷಯ ನೋಡಿಕೊಳ್ಳಿ. ಬೋಲ್ಟ್ ತಲೆ ಕಾರಿನ ಒಳಮುಖಕ್ಕೆ ಇರುತ್ತೆ. ನೀವು ಹೊರಗಡೆ ಕೂತು ಕೈ ಹಿಂದಕ್ಕೆ ಹಾಕಿ ತಿರುಗಿಸುತ್ತೀರಿ. ಆಗ ಎಡ ಬಲ ತಲೆಕೆಳಗಾಗುತ್ತೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಾ ಇರುವವರನ್ನು ನಾನು ನೋಡಿದ್ದೇನೆ. ತಲೆಯನ್ನು ನೇರವಾಗಿ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಬೇಕು.

ಹಾಸನದ ಹಳೇ ಫಿಟ್ಟರ್:

ತಂಗಿ, ಮೊದಲು ಒಂದು ಮಾತು. ಸಾಕೆಟ್ ಜಾರಿದ ಕೂಡಲೇ ಕೈ ನಿಲ್ಲಿಸಿದ್ದೀರಲ್ಲ, ಅರ್ಧ ತೊಂದರೆ ಅಲ್ಲೇ ತಪ್ಪಿತು. ಬಸ್ ಡಿಪೋ ವರ್ಕ್‌ಶಾಪಿನಲ್ಲಿ ಸರ್ವಿಸ್ ಪೂರ್ತಿ ಇದೇ ಕೆಲಸ ಮಾಡಿದವನು ನಾನು. ಹೊಸ ಹುಡುಗರಿಗೆ ಮೊದಲು ಕಲಿಸುತ್ತಿದ್ದದ್ದು ಎಳೆಯುವುದನ್ನಲ್ಲ, ನಿಲ್ಲಿಸುವುದನ್ನು.

ಅರಸೀಕೆರೆಯವರು ಹೇಳಿದ ದಿಕ್ಕಿನ ಮಾತು ನೂರಕ್ಕೆ ನೂರು ಸರಿ. ಪೈಪ್ ಮಾತ್ರ ಈಗಲೇ ಬೇಡ. ಹನ್ನೆರಡು ಮೂಲೆಯ ಸಾಕೆಟ್ ಮೇಲೆ ಪೈಪ್ ಹಾಕಿದರೆ ತಲೆ ಉರುಟಾಗುತ್ತದೆ, ಆಮೇಲೆ ವೆಲ್ಡಿಂಗ್‌ನವನೇ ಗತಿ. ಆ ಸಾಕೆಟ್ ಬೋಲ್ಟಿನ ತಲೆಯನ್ನು ತೀರಾ ಮೂಲೆಯ ಹತ್ತಿರ ಹಿಡಿಯುತ್ತದೆ. ಆರು ಮೂಲೆಯದು ಮೂಲೆ ಬಿಟ್ಟು ಒಳಗೆ, ತಲೆಯ ಚಪ್ಪಟೆ ಬದಿಯ ಮೇಲೆ ಹಿಡಿಯುತ್ತದೆ. ಇಂಪ್ಯಾಕ್ಟ್ ಸಾಕೆಟ್ ಅಂತ ಕೇಳಿ, ಕಪ್ಪು ಬಣ್ಣದ್ದು, ಅರ್ಧ ಇಂಚಿನ ಡ್ರೈವ್, 17 ಎಂ.ಎಂ. ಒಂದೇ ಬಿಡಿಯಾಗಿ ಸಿಗುತ್ತದೆ. ಇಡೀ ಸೆಟ್ ಕೊಳ್ಳುವ ಅಗತ್ಯ ಇಲ್ಲ. ಚಿಕ್ಕಮಗಳೂರಿಗೆ ಹೋದಾಗ ತನ್ನಿ. ಅಲ್ಲಿವರೆಗೆ ಬೋಲ್ಟ್ ಮುಟ್ಟಬೇಡಿ.

ಮೇಲಿನ ಬೋಲ್ಟನ್ನು ವಾಪಸ್ ಅದರ ಜಾಗಕ್ಕೆ ಹಾಕಿ, ಕೈಯಲ್ಲಿ ತಿರುಗಿಸಿ, ಸ್ವಲ್ಪ ಬಿಗಿ ಮಾಡಿ. ಒಂದೇ ಬೋಲ್ಟ್ ಮೇಲೆ ಬ್ರಾಕೆಟ್ ನಿಂತಿದ್ದರೆ, ನೀವು ಬಲ ಹಾಕಿದಾಗ ಬ್ರಾಕೆಟ್ಟೇ ವಾಲಾಡುತ್ತದೆ. ನಿಮ್ಮ ಶಕ್ತಿ ಅದಕ್ಕೆ ಹೋಗುತ್ತದೆ, ತುಕ್ಕಿಗೆ ತಲುಪುವುದಿಲ್ಲ.

ಈಗ ಎಣ್ಣೆ. ನೀವು ಸ್ಪ್ರೇ ಹೊಡೆದದ್ದು ತಲೆಯ ಕಡೆಗೆ ಅಲ್ವಾ? ಎಲ್ಲರೂ ಅಲ್ಲಿಗೇ ಹೊಡೆಯುತ್ತಾರೆ, ಕಣ್ಣಿಗೆ ಕಾಣುವುದು ಅದೇ. ಆದರೆ ಇಂಥ ಬೋಲ್ಟ್ ನಕಲ್‌ನ (ಚಕ್ರವನ್ನು ಹೊತ್ತ ಉಕ್ಕಿನ ತುಂಡು) ತೂತಿನಲ್ಲಿ ಸುಮ್ನೆ ಹಾದು ಹೋಗಿ, ಬ್ರಾಕೆಟ್ಟಿನಲ್ಲಿ ಥ್ರೆಡ್ ಹಿಡಿಯುತ್ತದೆ. ಹಿಡಿದುಕೊಂಡಿರುವ ಜಾಗ ಬ್ರಾಕೆಟ್ಟಿನ ಒಳಗೆ. ಬ್ರಾಕೆಟ್ಟಿನ ಆಚೆ ಬದಿ ನೋಡಿ, ಬೋಲ್ಟಿನ ತುದಿ ಒಂದೆರಡು ಸುತ್ತು ಹೊರಗೆ ಇಣುಕುತ್ತಿರುತ್ತದೆ. ಮಳೆ, ಕೆಸರು ಎಲ್ಲ ನೇರ ಅದಕ್ಕೇ ಬಡಿಯುತ್ತದೆ. ಆ ತುದಿಯ ಥ್ರೆಡ್ ಸಂದಿನಲ್ಲಿ ತುಕ್ಕು ತುಂಬಿದೆ. ಬೋಲ್ಟ್ ಹೊರಗೆ ಬರುವಾಗ ಆ ತುಕ್ಕನ್ನೆಲ್ಲ ಬ್ರಾಕೆಟ್ಟಿನ ಒಳಗೆ ಎಳೆದುಕೊಂಡೇ ಬರಬೇಕು. ಅದಕ್ಕೇ ಕಾಲು ಸುತ್ತು ಬಂದು ಮತ್ತೆ ಜಾಮ್ ಆಗುವುದು. ತಂತಿ ಬ್ರಷ್ ತೆಗೆದುಕೊಂಡು ಆ ತುದಿಯನ್ನು ಥ್ರೆಡ್ ಕಾಣುವವರೆಗೆ ಉಜ್ಜಿ. ಆಮೇಲೆ ಎಣ್ಣೆಯನ್ನು ಆ ಕಡೆಯಿಂದ ಬಿಡಿ.

ಯಾವ ಎಣ್ಣೆ ಅನ್ನುವುದಕ್ಕೂ ಒಂದು ಮಾತು. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ನೀರನ್ನು ದೂರ ಮಾಡಲು ಅಂತ 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಹಗುರ ತುಕ್ಕಿಗೆ ಸಾಕು. ಇಷ್ಟು ಗಟ್ಟಿ ಕೂತದ್ದಕ್ಕೆ ತುಕ್ಕು ಬಿಡಿಸಲೆಂದೇ ಮಾಡಿದ ಪೆನಟ್ರೇಟಿಂಗ್ ಆಯಿಲ್ ಮೇಲು, ರಸ್ಟ್ ರಿಮೂವರ್ ಸ್ಪ್ರೇ ಅಂದರೂ ಅಂಗಡಿಯವರು ಕೊಡುತ್ತಾರೆ. ಡಿಪೋದಲ್ಲಿ ನಾವು ಡೀಸೆಲ್ಲನ್ನೇ ಹಾಕುತ್ತಿದ್ದೆವು, ನಿಧಾನ ಆದರೂ ಕೆಲಸ ಮಾಡುತ್ತದೆ. ಯಾವುದೇ ಹಾಕಿ, ಒಂದೇ ಸಲ ಸುರಿಯುವುದಕ್ಕಿಂತ ಸಂಜೆ ಒಂದು ಸಲ, ಮಲಗುವಾಗ ಒಂದು ಸಲ, ಬೆಳಗ್ಗೆ ಒಂದು ಸಲ ಹಾಕಿ. ಪ್ರತಿ ಸಲ ಎಣ್ಣೆ ಹಾಕಿದ ಮೇಲೆ ಬೋಲ್ಟ್ ತಲೆಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಡಿ. ಮೂಲೆಗೆ ಅಲ್ಲ, ತಲೆಯ ನಟ್ಟನಡುವೆ, ನೇರಕ್ಕೆ. ಸುತ್ತಿಗೆ ಬೀಸಲು ಜಾಗ ಇಲ್ಲದಿದ್ದರೆ ಒಂದು ಹಳೇ ಬೋಲ್ಟ್ ಅಡ್ಡ ಇಟ್ಟು ಅದರ ಮೇಲೆ ಹೊಡೆಯಿರಿ. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ, ಥ್ರೆಡ್ ಸಂದಿಯನ್ನು ಒತ್ತಿ ತುಂಬಿಬಿಡುತ್ತದೆ. ಆ ಪೆಟ್ಟಿಗೆ ತುಕ್ಕು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲೇ ಎಣ್ಣೆ ಒಳಗೆ ಹೋಗುವುದು. ಪೆಟ್ಟು ಇಲ್ಲದ ಎಣ್ಣೆ ಮೇಲಿಂದ ಹರಿದು ನೆಲಕ್ಕೆ ಬೀಳುತ್ತದೆ ಅಷ್ಟೇ.

ಆಮೇಲೆ ಹ್ಯಾಂಡಲ್. ಇಲ್ಲಿ ಲೆಕ್ಕ ನೋಡಿ. ನಿಮ್ಮ ರಾಟ್ಚೆಟ್ (ಸಾಕೆಟ್ ತಿರುಗಿಸುವ ಹ್ಯಾಂಡಲ್) 25 ಸೆಂ.ಮೀ. ಉದ್ದ ಇದೆ ಅಂದುಕೊಳ್ಳಿ. ಕೈಯಲ್ಲಿ 30 ಕೆ.ಜಿ. ಬಲ ಹಾಕಿದರೆ ಬೋಲ್ಟಿಗೆ ಸಿಗುವುದು ಸುಮಾರು 74 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಸಣ್ಣ ಕಾರುಗಳಲ್ಲಿ ಬ್ರಾಕೆಟ್ ಬೋಲ್ಟನ್ನು ಹೊಸದರಲ್ಲಿ ಬಿಗಿ ಮಾಡುವುದೇ ಸಾಧಾರಣ 80ರಿಂದ 110ಕ್ಕೆ. ತುಕ್ಕಿನದು ಅದರ ಮೇಲೆ ಬೇರೆ. ಅಂದಮೇಲೆ ಬರದಿರುವುದು ನಿಮ್ಮ ಕೈಲಾಗದೆ ಅಲ್ಲ, ಹ್ಯಾಂಡಲ್ ಚಿಕ್ಕದಾಗಿ. 60 ಸೆಂ.ಮೀ. ಬ್ರೇಕರ್ ಬಾರ್ (ಹಲ್ಲಿಲ್ಲದ ಉದ್ದ ಹ್ಯಾಂಡಲ್) ತುದಿಗೆ 50 ಕೆ.ಜಿ. ಭಾರ ಬಿಟ್ಟರೆ 290 ದಾಟುತ್ತದೆ. ರಾಟ್ಚೆಟ್‌ಗೆ ಪೈಪ್ ಹಾಕಿದರೆ ಅದರ ಒಳಗಿನ ಹಲ್ಲು ಹೋಗುತ್ತದೆ, ಹಾಗಾಗಿ ಬಾರ್ ಬೇರೆಯೇ ಇರಲಿ.

ಬಲ ಹಾಕುವ ಮೊದಲು ಕಾರು ಹೇಗೆ ನಿಂತಿದೆ ನೋಡಿ. ಕಾರಿನ ಜೊತೆ ಬರುವ ಕತ್ತರಿ ಜಾಕ್ ಮೇಲೆ ನಿಲ್ಲಿಸಿಕೊಂಡು ಬ್ರೇಕರ್ ಬಾರ್ ಎಳೆಯಲೇಬಾರದು. ಕಾರು ಅಡ್ಡಕ್ಕೆ ಅಲುಗಿ ಜಾಕ್ ಜಾರುತ್ತದೆ. ಜಾಕ್ ಸ್ಟ್ಯಾಂಡ್ ಇರಲಿ, ಕೆಳಗೆ ಗಟ್ಟಿ ಸಿಮೆಂಟ್ ನೆಲ ಇರಲಿ, ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿಗೆ ಅಡ್ಡ ಮಲಗಿಸಿಡಿ. ತೋಟದ ಅಂಗಳ ಮಳೆಗೆ ಮೆತ್ತಗಾಗಿದ್ದರೆ ಕಾಫಿ ಒಣಗಿಸುವ ಕಣ ಇದೆಯಲ್ಲ, ಅಲ್ಲಿ ಮಾಡಿ. ಬೋಲ್ಟ್ ತಲೆ ಹೊರಗೆ ಮುಖ ಮಾಡುವ ಕಡೆಗೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ. ಬಾರ್ ಹಿಡಿಯಲು ಜಾಗವೂ ಸಿಗುತ್ತದೆ, ದಿಕ್ಕು ತಪ್ಪುವುದೂ ಇಲ್ಲ.

ಮೊದಲು ಒಂದು ಚೂರು ಬಿಗಿ ಮಾಡುವ ಕಡೆಗೇ ತಳ್ಳಿ. ಚೂರು ಅಂದರೆ ಚೂರೇ. ಆಮೇಲೆ ಬಿಚ್ಚುವ ಕಡೆಗೆ ಒಂದು ಕೈಯಲ್ಲಿ ಸಾಕೆಟ್ ತಲೆಯನ್ನು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬಾರ್ ಎಳೆಯಿರಿ. ಸಣ್ಣ ಸಣ್ಣ ಜಗ್ಗು, ನಿಧಾನಕ್ಕೆ ಜಾಸ್ತಿ ಮಾಡುತ್ತಾ ಹೋಗಿ. ಇಲ್ಲಿ ಕಿವಿ, ಕೈ ಎರಡೂ ಬೇಕು. ಟಕ್ ಅಂತ ಒಂದು ಗಟ್ಟಿ ಸದ್ದು ಬಂದರೆ ಖುಷಿಪಡಿ, ತುಕ್ಕು ಒಡೆಯಿತು ಅಂತ ಅರ್ಥ. ಸದ್ದಿಲ್ಲದೆ ಹಲಸಿನ ಮೇಣ ಎಳೆದ ಹಾಗೆ ಮೆತ್ತಗೆ ತಿರುಗುತ್ತಿದ್ದರೆ ಕೂಡಲೇ ನಿಲ್ಲಿಸಿ. ಬೋಲ್ಟ್ ತಿರುಚಿಕೊಳ್ಳುತ್ತಿದೆ, ಇನ್ನು ಸ್ವಲ್ಪಕ್ಕೆ ಮುರಿಯುತ್ತದೆ. ವಾಪಸ್ ಬಿಗಿ ಮಾಡಿ, ಎಣ್ಣೆ ಹಾಕಿ, ಒಂದು ರಾತ್ರಿ ಬಿಡಿ.

ಬ್ರಾಕೆಟ್ ಬೋಲ್ಟ್ ದಪ್ಪ, ಗಟ್ಟಿ ಉಕ್ಕು. ಅದು ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ, ಅದರ ಮೇಲೆ ಧೈರ್ಯವಾಗಿ ಬಲ ಹಾಕಬಹುದು. ಆದರೆ ಈ ಧೈರ್ಯವನ್ನು ಕ್ಯಾಲಿಪರ್ ಹಿಂದಿನ ಬ್ಲೀಡ್ ನಿಪ್ಪಲ್ (ಬ್ರೇಕ್ ಆಯಿಲ್‌ನಿಂದ ಗಾಳಿ ತೆಗೆಯುವ ತಿರುಪು) ಮೇಲೆ ತೋರಿಸಬೇಡಿ, ಬ್ರೇಕ್ ಪೈಪಿನ ನಟ್ ಮೇಲಂತೂ ಬೇಡವೇ ಬೇಡ. ನಿಪ್ಪಲ್ ನಡುವೆ ತೂತು ಇರುತ್ತದೆ, ಟಕ್ಕನೆ ಮುರಿಯುತ್ತದೆ. ಪೈಪಿನ ನಟ್ ಹಿಡಿದುಕೊಂಡಿದ್ದರೆ ಅದರ ಜೊತೆ ಪೈಪೇ ತಿರುಚಿಕೊಳ್ಳುತ್ತದೆ. ನಿಮ್ಮ ಕೆಲಸಕ್ಕೆ ಇವೆರಡನ್ನೂ ಮುಟ್ಟುವ ಅಗತ್ಯವೇ ಇಲ್ಲ.

ಸಕಲೇಶಪುರ ಜೀಪ್:

ಹಿರಿಯರು ಎಲ್ಲ ಹೇಳಿದ್ದಾರೆ. ಟಾರ್ಚ್ ಬಗ್ಗೆ ಮಾತ್ರ ನಾನು ಸೇರಿಸುತ್ತೇನೆ, ಯಾಕೆಂದರೆ ನಮ್ಮ ಹಳೇ ಜೀಪುಗಳಲ್ಲಿ ಬಿಸಿ ಮಾಡದೆ ಎಷ್ಟೋ ಕೆಲಸ ಆಗುವುದೇ ಇಲ್ಲ.

ಬಿಸಿ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ ಮಾರಾಯ್ರೆ. ಆದರೆ ನಿಮ್ಮ ಆ ಕೆಳಗಿನ ಬೋಲ್ಟ್ ಪಕ್ಕದಲ್ಲೇ ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಕೀಲು) ಇದೆ, ಅದಕ್ಕೆ ರಬ್ಬರ್ ಟೋಪಿ ಇದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದರ ವೈರ್ ಕೂಡ ಅಲ್ಲೇ ಹಾದು ಹೋಗುತ್ತದೆ. ಟಾರ್ಚಿನ ಉರಿ ಅಗಲ, ಎರಡನ್ನೂ ಸುಟ್ಟು ಹಾಕುತ್ತದೆ. ಎಣ್ಣೆ ಹಾಕಿದ ಜಾಗಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. ಇನ್ನೊಂದು, ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕೆಲವಕ್ಕೆ ಕ್ಲೋರಿನ್ ಇರುವ ದ್ರಾವಕ ಹಾಕಿರುತ್ತಾರೆ. ಅದು ಹಸಿ ಇರುವಾಗ ಉರಿ ತೋರಿಸಿದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಬರುತ್ತದೆ. ಇದನ್ನು ತಮಾಷೆ ಅಂದುಕೊಳ್ಳಬೇಡಿ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಟಾರ್ಚ್ ಬೇಡ ಅಂತಲೇ ನನ್ನ ಮಾತು.

ಬದಲಿಗೆ ಇದು ನೋಡಿ. ಬಲಗಡೆಯ ಚಕ್ರ ಇನ್ನೂ ಬಿಚ್ಚಿಲ್ಲ ಅಲ್ವಾ? ಎಡಗಡೆ ಮುಗಿದ ಮೇಲೆ ಪೇಟೆಯ ಟೈರ್ ಅಂಗಡಿಗೆ ಹೋಗಿ. ಅವರ ಹತ್ತಿರ ಗಾಳಿಯ ಗನ್ ಇರುತ್ತದೆ. ಅದು ಒಂದೇ ಸಮ ಎಳೆಯುವುದಿಲ್ಲ, ಸೆಕೆಂಡಿಗೆ ಹತ್ತಾರು ಪೆಟ್ಟು ಕೊಡುತ್ತಾ ತಿರುಗಿಸುತ್ತದೆ. ಫಿಟ್ಟರ್ ಸರ್ ಹೇಳಿದ ಸುತ್ತಿಗೆ ಪೆಟ್ಟೂ ಬಾರ್ ಎಳೆತವೂ ಅದರಲ್ಲಿ ಒಟ್ಟಿಗೇ ಸಿಗುತ್ತವೆ. ಬಲಗಡೆ ಎರಡೂ ಬೋಲ್ಟ್ ಅಲ್ಲೇ ಸಡಿಲ ಮಾಡಿಸಿ, ಅಲ್ಲೇ ಎದುರು ನಿಂತು ಟಾರ್ಕ್ ವ್ರೆಂಚಿನಲ್ಲಿ (ಎಷ್ಟು ಬಲ ಬಿತ್ತು ಅಂತ ತೋರಿಸುವ ಸ್ಪ್ಯಾನರ್) ವಾಪಸ್ ಬಿಗಿ ಮಾಡಿಸಿ, ಆಮೇಲೆ ಮನೆಗೆ ಬನ್ನಿ. ಒಮ್ಮೆ ತುಕ್ಕು ಒಡೆದ ಬೋಲ್ಟ್ ಮನೆಯಲ್ಲಿ ಸಲೀಸಾಗಿ ಬರುತ್ತದೆ. ಬಿಗಿ ಮಾಡಿಸದೆ ಮಾತ್ರ ಗಾಡಿ ಒಂದು ಅಡಿ ಓಡಿಸಬೇಡಿ.

ತಲೆ ಉರುಟಾಗಿಯೇ ಹೋದರೆ 16ರ ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಎಳೆಯಬಹುದು. ಅದಕ್ಕೂ ಬರದಿದ್ದರೆ ಮೇಲೊಂದು ನಟ್ ವೆಲ್ಡ್ ಮಾಡಿಸುವುದು. ವೆಲ್ಡಿಂಗ್ ಬಿಸಿಗೇ ಅರ್ಧ ಸಡಿಲ ಆಗಿರುತ್ತದೆ. ಆದರೆ ವೆಲ್ಡ್ ಮಾಡುವ ಮೊದಲು ಬ್ಯಾಟರಿ ತಂತಿ ಬಿಚ್ಚಿಡಲು ಹೇಳಿ.

ಆಲ್ದೂರು ತೋಟ:

ಬಂತು! ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆರು ಮೂಲೆಯ ಸಾಕೆಟ್, 60 ಸೆಂ.ಮೀ. ಬಾರ್ ಎರಡನ್ನೂ ಚಿಕ್ಕಮಗಳೂರಿನಿಂದ ತಂದೆ. ಫಿಟ್ಟರ್ ಸರ್ ಹೇಳಿದ ಬೋಲ್ಟಿನ ತುದಿ ನಿಜವಾಗಿಯೂ ಆಚೆ ಕಡೆ ಇಣುಕುತ್ತಿತ್ತು. ಅಷ್ಟು ದಿನ ಅದನ್ನು ಬ್ರಾಕೆಟ್ಟಿನದೇ ಗಂಟು ಅಂದುಕೊಂಡಿದ್ದೆ, ಅಷ್ಟು ತುಕ್ಕು. ಬ್ರಷ್‌ನಲ್ಲಿ ಉಜ್ಜಿದ ಮೇಲೆ ಥ್ರೆಡ್ ಗೆರೆ ಒಂದೊಂದೇ ಕಂಡಿತು. ಎಣ್ಣೆ, ಸುತ್ತಿಗೆ, ಎಣ್ಣೆ, ಸುತ್ತಿಗೆ. ಬೆಳಗ್ಗೆ ಬೋಲ್ಟ್ ತಲೆಯ ಕೆಳಗೆ, ನಕಲ್ ಅಂಚಿನಲ್ಲಿ, ಕಂದು ಬಣ್ಣದ ಎಣ್ಣೆ ಒಂದು ಸಣ್ಣ ಉಂಗುರದಂತೆ ಒಸರಿತ್ತು. ಹಿಂದಿನಿಂದ ಹಾಕಿದ್ದು ಮುಂದೆ ಬಂದಿದೆ ಅಂತ ಗೊತ್ತಾಯಿತು. ಆಗಲೇ ಧೈರ್ಯ ಬಂತು.

ಕಣದ ಮೇಲೆ ಸ್ಟ್ಯಾಂಡ್ ಹಾಕಿ, ಸ್ಟೀರಿಂಗ್ ತಿರುಗಿಸಿ ಎಳೆದೆ. ಟಕ್ ಅನ್ನುವ ಸದ್ದು ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳಿಸಿ ಏನಾದರೂ ಮುರಿಯಿತಾ ಅಂತ ಓಡಿ ಬಂದರು. ಸ್ವಲ್ಪ ತಿರುಗಿ ಮತ್ತೆ ಹಿಡಿಯಿತು. ವಾಪಸ್ ಬಿಗಿ, ಮತ್ತೆ ಸಡಿಲ, ನಡುವೆ ಎಣ್ಣೆ. ಹಾಗೆ ಹಿಂದೆ ಮುಂದೆ ಮಾಡುತ್ತಾ ಪೂರ್ತಿ ಹೊರಗೆ ಬಂತು. ಹೊಸ ಬೋಲ್ಟ್ ತರಿಸುತ್ತಿದ್ದೇನೆ.

ಈಗ ಡಿಸ್ಕ್ ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ಅಂಟಿಕೊಂಡಿದೆ. ಹೊಡೆಯಬಹುದಾ? ಆಮೇಲೆ ವಾಪಸ್ ಕೂರಿಸುವಾಗ ಬೋಲ್ಟಿಗೆ ಗ್ರೀಸ್ ಹಚ್ಚಲಾ? ಮುಂದಿನ ಸಲ ಹೀಗೆ ಹಿಡಿಯಬಾರದು.

ಹಾಸನದ ಹಳೇ ಫಿಟ್ಟರ್:

ಭೇಷ್! ಆ ಎಣ್ಣೆಯ ಉಂಗುರ ಗಮನಿಸಿದ್ದು ತುಂಬಾ ಒಳ್ಳೆಯದಾಯಿತು. ಅದು ಕಂಡ ಮೇಲೆ ಎಳೆಯುವುದೇ ಸರಿಯಾದ ಕ್ರಮ.

ಡಿಸ್ಕ್ ಹೊಡೆಯಬೇಡಿ. ಆ ಪೆಟ್ಟು ವೀಲ್ ಬೇರಿಂಗಿಗೆ ಹೋಗುತ್ತದೆ. ಡಿಸ್ಕ್ ಮುಖದ ಮೇಲೆ, ಚಕ್ರದ ನಟ್ ಕೂರುವ ಸ್ಟಡ್‌ಗಳ ನಡುವೆ ಎರಡು ಸಣ್ಣ ತೂತು ಇದೆ ನೋಡಿ. ಒಳಗೆ ಥ್ರೆಡ್ ಇರುತ್ತದೆ. ಮಾರುತಿಯವರು ಅದನ್ನು ಕೊಟ್ಟಿರುವುದೇ ಇದಕ್ಕೆ. ತೂತಿನ ತುಕ್ಕು ಕೆರೆದು, 8 ಎಂ.ಎಂ. ದಪ್ಪದ ಎರಡು ಬೋಲ್ಟ್ ಹಾಕಿ, ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು ಅಂತ ತಿರುಗಿಸುತ್ತಾ ಹೋಗಿ. ಅವು ಹಬ್ಬನ್ನು ಒತ್ತಿ ಡಿಸ್ಕನ್ನು ತಾವೇ ಹೊರಗೆ ತಳ್ಳುತ್ತವೆ.

ಹೊಸ ಡಿಸ್ಕ್ ಕೂರಿಸುವ ಮೊದಲು ಹಬ್ಬಿನ ಮುಖದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯಿರಿ. ಅಲ್ಲಿ ಒಂದು ಚಕ್ಕೆ ಉಳಿದರೂ ಡಿಸ್ಕ್ ಓರೆ ಕೂರುತ್ತದೆ. ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತದೆ, ಜನ ಡಿಸ್ಕನ್ನು ಬೈಯುತ್ತಾರೆ.

ಬ್ರಾಕೆಟ್ ಬೋಲ್ಟ್ ಥ್ರೆಡ್‌ಗೆ ಸುಮ್ನೆ ಗ್ರೀಸ್ ಬಳಿಯಬೇಡಿ. ಜಾರುವ ಥ್ರೆಡ್ ಮೇಲೆ ಅದೇ ಟಾರ್ಕ್ ಹಾಕಿದರೆ ಬೋಲ್ಟ್ ಜಾಸ್ತಿ ಎಳೆದುಕೊಳ್ಳುತ್ತದೆ. ಬ್ರಾಕೆಟ್ಟಿನ ಒಳ ಥ್ರೆಡ್ ಸ್ವಚ್ಛ ಮಾಡಿ, ಹೊಸ ಬೋಲ್ಟನ್ನು ಕಂಪನಿ ಕೊಟ್ಟ ಹಾಗೇ ಹಾಕಿ, ನಿಮ್ಮ ಮಾಡೆಲ್ ಮ್ಯಾನುವಲ್‌ನಲ್ಲಿರುವ ಅಂಕಿಗೆ ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿ. ಬಿಗಿಯಾದ ಮೇಲೆ ಆಚೆ ಇಣುಕುವ ತುದಿಗೆ ಮಾತ್ರ ಸ್ವಲ್ಪ ಆಂಟಿ ಸೀಜ್ (ಬೋಲ್ಟ್ ತುಕ್ಕು ಹಿಡಿದು ಅಂಟದಂತೆ ಹಚ್ಚುವ ಪೇಸ್ಟ್) ಹಚ್ಚಿ, ನೀರು ಕೂರುವುದಿಲ್ಲ. ಮುಂದಿನ ಸಲಕ್ಕೆ ಅಷ್ಟೇ ಸಾಕು.

ಪಿನ್ನಿನ ವಿಷಯಕ್ಕೆ ಬರೋಣ, ನಿಮ್ಮ ಗಾಡಿಗೆ ತೊಂದರೆ ಶುರುವಾದದ್ದೇ ಅಲ್ಲಿಂದ. ಹಳೇ ಗ್ರೀಸ್ ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಬೇರಿಂಗ್ ಗ್ರೀಸ್, ಎಂಜಿನ್ ಆಯಿಲ್ ಬೇಡ, ಅದಕ್ಕೆ ಪಿನ್ನಿನ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಪಿನ್ ಬೋಲ್ಟ್ ಬಿಗಿ ಮಾಡುವಾಗ ಪಿನ್ನೇ ಜೊತೆಗೆ ತಿರುಗುತ್ತಿದ್ದರೆ ಅದರ ಚಪ್ಪಟೆ ಬದಿಯನ್ನು ತೆಳು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ. ಇದು ಸಣ್ಣ ಬೋಲ್ಟ್, ಬ್ರಾಕೆಟ್ಟಿನದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಟಾರ್ಕ್ ಸಾಕಾಗುತ್ತದೆ. ಆ ಉದ್ದ ಬಾರನ್ನು ಇದರ ಹತ್ತಿರ ತರಬೇಡಿ.

ಕ್ಯಾಲಿಪರ್‌ನ ಪಿಸ್ಟನ್ ಒಳಗೆ ಒತ್ತುವ ಮೊದಲು ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ, ತುಂಬಿ ಚೆಲ್ಲಿದರೆ ಪೇಂಟ್ ತಿನ್ನುತ್ತದೆ. ಡಿಸ್ಕ್ ಮೇಲೆ ಬಿದ್ದ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿದ ಮೇಲೆಯೇ ಹೊಸ ಪ್ಯಾಡ್ ಹಾಕಿ. ಬ್ರೇಕ್ ದೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಎಲ್ಲ ಮುಗಿದ ಮೇಲೆ ಎಂಜಿನ್ ಹಾಕುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ರಿವರ್ಸ್ ತೆಗೆಯುವಾಗ ಅದು ಗೊತ್ತಾಗಬಾರದು.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ಓಡಾಟ ಬೇಕು. ಆಲ್ದೂರು ಚಿಕ್ಕಮಗಳೂರು ರಸ್ತೆಯಲ್ಲಿ ಹಿಂದೆ ಗಾಡಿ ಇಲ್ಲದಾಗ ವೇಗದಿಂದ ನಿಧಾನಕ್ಕೆ, ಪೂರ್ತಿ ನಿಲ್ಲಿಸದೆ, ನಡುವೆ ತಣಿಯಲು ಬಿಟ್ಟು ಬ್ರೇಕ್ ಹಾಕುತ್ತಾ ಹೋಗಿ. ಚಾರ್ಮಾಡಿ ಇಳಿಯುವುದು ಅದಾದ ಮೇಲೆ.

ಅರಸೀಕೆರೆ ರೈತ:

ಸರ್, ಇದೇ ತೂತು ಹಿಂದಿನ ಡ್ರಮ್ಮಿಗೂ ಇರುತ್ತಾ? ನಮ್ಮ ಆಲ್ಟೊ ಹಿಂದಿನ ಡ್ರಮ್ ಬರುತ್ತಲೇ ಇಲ್ಲ.

ಹಾಸನದ ಹಳೇ ಫಿಟ್ಟರ್:

ಇರುತ್ತದೆ, ಅದೇ 8 ಎಂ.ಎಂ. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟಿದ್ದೀರಾ ನೋಡಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಡ್ರಮ್ ಒಳಗೆ ಸವೆದು ಅಂಚು ಎದ್ದಿದ್ದರೆ ಬ್ರೇಕ್ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತುವ ಭಾಗ) ಅದಕ್ಕೆ ಸಿಕ್ಕಿಕೊಂಡಿರುತ್ತದೆ. ಹಾಗಿದ್ದರೆ ಬೋಲ್ಟ್ ತಿರುಗಿಸಿ ಎಳೆಯುತ್ತಾ ಹೋಗಬೇಡಿ. ಹ್ಯಾಂಡ್ ಬ್ರೇಕ್ ಕೇಬಲ್ ನಟ್ ಸಡಿಲ ಮಾಡಿ, ಶೂ ಒಳಗೆ ಸರಿಯಲಿ, ಆಮೇಲೆ ಪ್ರಯತ್ನ ಮಾಡಿ.